ತೀರ್ಥಹಳ್ಳಿ ಕಡೆಯ ಶಾಲೆಯ ನಿಧಾನ ಪ್ರಿಂಟರ್: ಹೊತ್ತು ಎಲ್ಲಿ ಹೋಗುತ್ತಿತ್ತು?

ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ದಾರಿಯಲ್ಲಿ ಒಂದು ಪ್ರೌಢಶಾಲೆ. ಆಫೀಸಿನಲ್ಲಿ ಒಂದೇ ಒಂದು ನೆಟ್‌ವರ್ಕ್ ಲೇಸರ್ ಪ್ರಿಂಟರ್ ಇದೆ. ಕಪ್ಪು ಬಿಳುಪಿನದು, ಎ4 ಹಾಳೆಯದು, ಮೇಲೆ ಸ್ಕ್ಯಾನರ್ ಇರುವಂಥದ್ದು. ಆಫೀಸು, ಸ್ಟಾಫ್ ರೂಮು, ಅಂಗಳದ ಆಚೆ ಇರುವ ಕಂಪ್ಯೂಟರ್ ಲ್ಯಾಬು, ಎಲ್ಲ ಕಡೆಯ ಕೆಲಸವೂ ಬಂದು ಬೀಳುವುದು ಇದರ ಮೇಲೆಯೇ. ಪ್ರಶ್ನೆಪತ್ರಿಕೆಗೆ ಪ್ರಿಂಟ್ ಕೊಟ್ಟರೆ ಹಾಳೆ ಬರಲು ನಾಲ್ಕೈದು ನಿಮಿಷ ಬೇಕು ಅನ್ನುವುದು ದೂರು. ಲ್ಯಾಬಿನಿಂದ ಕೊಟ್ಟರೆ ಇನ್ನೂ ಜಾಸ್ತಿ, ಕೆಲವು ಸಲ ಬರುವುದೇ ಇಲ್ಲ. ಬರಲಿಲ್ಲ ಅಂತ ಇನ್ನೊಮ್ಮೆ ಕೊಡುತ್ತಾರೆ, ಆಮೇಲೆ ಎರಡೂ ಒಟ್ಟಿಗೆ ಬರುತ್ತವೆ, ಕಾಗದ ದಂಡ.

ಸಂಕಲನಾತ್ಮಕ ಪರೀಕ್ಷೆ ಹತ್ತಿರ ಬಂತು ಅಂದರೆ ಶಿಕ್ಷಕರು ಬಿಡುವಿನ ಪೀರಿಯಡ್ಡನ್ನೆಲ್ಲ ಪ್ರಿಂಟರ್ ಮುಂದೆ ಕಳೆಯುತ್ತಿದ್ದರು. ಅದು ಮಕ್ಕಳ ನೋಟ್ಸ್ ತಿದ್ದಬೇಕಾದ ಹೊತ್ತು. ನನಗೆ ಈ ಕೆಲಸ ಮುಖ್ಯ ಅನ್ನಿಸಿದ್ದು ಅದಕ್ಕೇ. ಮೊದಲು ನೋಡಿದವರು ‘ನೆಟ್‌ವರ್ಕ್ ಸ್ಲೋ ಇದೆ, ಸ್ವಿಚ್ ಬದಲಾಯಿಸಿ’ ಅಂದಿದ್ದರಂತೆ. ಸ್ವಿಚ್ ಅಂದರೆ ಕಂಪ್ಯೂಟರು, ಪ್ರಿಂಟರುಗಳ ನೆಟ್‌ವರ್ಕ್ ಕೇಬಲ್ ಎಲ್ಲ ಬಂದು ಸೇರುವ ಪೆಟ್ಟಿಗೆ. ಹೊಸ ಸ್ವಿಚ್ ಬಂದೂ ಆಗಿತ್ತು. ಪ್ರಿಂಟ್ ಮಾತ್ರ ಹಾಗೇ ಇತ್ತು.

‘ಪ್ರಿಂಟ್ ನಿಧಾನ’ ಅನ್ನುವ ಒಂದು ದೂರಿನೊಳಗೆ ನಾಲ್ಕು ಬೇರೆ ಬೇರೆ ಕೆಲಸಗಳ ಹೊತ್ತು ಸೇರಿರುತ್ತದೆ. ವರ್ಡ್ ಅಥವಾ ಪಿಡಿಎಫ್ ಪ್ರೋಗ್ರಾಂ ಪುಟವನ್ನು ಡ್ರೈವರ್ ಅನ್ನುವ, ಪ್ರಿಂಟರ್ ನಡೆಸುವ ತಂತ್ರಾಂಶದ ಕೈಗೆ ಕೊಡಬೇಕು. ಡ್ರೈವರ್ ಅದನ್ನು ಪ್ರಿಂಟರ್‌ಗೆ ತಿಳಿಯುವ ಪಿಸಿಎಲ್ ಅಥವಾ ಪೋಸ್ಟ್‌ಸ್ಕ್ರಿಪ್ಟ್ ಭಾಷೆಗೆ ತಿರುಗಿಸಬೇಕು. ಪ್ರಿಂಟ್ ಸರದಿ ನೋಡಿಕೊಳ್ಳುವ ಸ್ಪೂಲರ್ ಅದನ್ನು ಡಿಸ್ಕಿನಲ್ಲಿ ಇಟ್ಟುಕೊಂಡು ತಂತಿಯ ಮೇಲೆ ಕಳಿಸಬೇಕು. ಕೊನೆಗೆ ಪ್ರಿಂಟರ್ ಅದನ್ನೆಲ್ಲ ಚುಕ್ಕಿಗಳಾಗಿ ಮಾಡಿ, ಟೋನರ್ ಪುಡಿಯನ್ನು ಕರಗಿಸಿ ಹಾಳೆಗೆ ಹಿಡಿಸುವ ಫ್ಯೂಸರ್ ಬಿಸಿ ಮಾಡಿಕೊಂಡು, ಹಾಳೆ ಎಳೆಯಬೇಕು. ಇವುಗಳಲ್ಲಿ ಹೊತ್ತು ತಿನ್ನುತ್ತಿರುವುದು ಯಾವುದು ಅಂತ ಗೊತ್ತಾಗದೆ ಯಾವ ಸಾಮಾನೂ ಬದಲಾಯಿಸಬಾರದು. ಹಾಗಾಗಿ ಒಂದೊಂದನ್ನೇ ಬೇರೆ ಮಾಡಿ, ಗಡಿಯಾರ ಹಿಡಿದು ಅಳೆಯಲು ಕೂತೆ.

ಮೊದಲು ಪ್ರಿಂಟರಿನ ನೆಟ್‌ವರ್ಕ್ ಕೇಬಲ್ ಕಿತ್ತಿಟ್ಟೆ. ಪ್ಯಾನೆಲ್ಲಿನ ಮೆನುವಿನಿಂದ ಕಾನ್ಫಿಗರೇಶನ್ ಪುಟ ತೆಗೆದೆ. ಇದಕ್ಕೆ ಕಂಪ್ಯೂಟರೂ ಬೇಡ, ನೆಟ್‌ವರ್ಕೂ ಬೇಡ. ಪ್ರಿಂಟರ್ ಎಚ್ಚರವಾಗೇ ಇತ್ತು, ಆದರೂ ಹಾಳೆ ಹೊರಗೆ ಬರಲು 50 ಸೆಕೆಂಡ್ ಹಿಡಿಯಿತು. ಸ್ಕ್ಯಾನರ್ ಗಾಜಿನ ಮೇಲೆ ಒಂದು ಹಾಳೆ ಇಟ್ಟು ಹತ್ತು ಜೆರಾಕ್ಸ್ ತೆಗೆದೆ. ನಿಮಿಷಕ್ಕೆ 30 ಹಾಳೆ ಬರಬೇಕಾದ ಯಂತ್ರ ಅದರ ಅರ್ಧವೂ ಕೊಡಲಿಲ್ಲ. ಒಂದೊಂದು ಹಾಳೆಯ ನಡುವೆಯೂ ತಡೆದು ನಿಲ್ಲುತ್ತಿತ್ತು. ಅಂದರೆ ನೆಟ್‌ವರ್ಕಿನ ಮಾತೆತ್ತುವ ಮೊದಲೇ ಒಂದು ಪಾಲು ಹೊತ್ತು ಪ್ರಿಂಟರಿನ ಒಳಗೇ ಹೋಗುತ್ತಿತ್ತು.

ಕಾನ್ಫಿಗರೇಶನ್ ಪುಟವನ್ನು ಸಾಲು ಸಾಲಾಗಿ ಓದಿದೆ. ಟ್ರೇಯ ಪೇಪರ್ ಟೈಪ್ ‘ಥಿಕ್’ ಅಂತ ಇತ್ತು. ಟ್ರೇಯಲ್ಲಿ ಇದ್ದದ್ದು ಮಾತ್ರ ಮಾಮೂಲಿ 75 ಜಿಎಸ್‌ಎಂ ಕಾಗದ. ಆಫೀಸಿನಲ್ಲಿ ಕೇಳಿದಾಗ ಕಾರಣ ಸಿಕ್ಕಿತು. ಮಳೆಗಾಲದಲ್ಲಿ ಅಕ್ಷರ ಕೈಗೆ ಅಂಟುತ್ತಿತ್ತು, ಉಜ್ಜಿದರೆ ಟೋನರ್ ಉದುರುತ್ತಿತ್ತು, ‘ಥಿಕ್’ ಮಾಡಿದ ಮೇಲೆ ಸರಿಹೋಯಿತು ಅಂದರು. ಅದು ನಿಜವೇ. ದಪ್ಪ ಕಾಗದ ಅಂತ ಹೇಳಿದರೆ ಪ್ರಿಂಟರ್ ಫ್ಯೂಸರಿನ ಬಿಸಿ ಹೆಚ್ಚಿಸುತ್ತದೆ, ಹಾಳೆಯನ್ನು ನಿಧಾನ ಸಾಗಿಸುತ್ತದೆ. ಟೋನರ್ ಚೆನ್ನಾಗಿ ಕೂರುತ್ತದೆ, ವೇಗ ಇಳಿಯುತ್ತದೆ.

ಇಲ್ಲಿ ನಿಜವಾದ ತೊಂದರೆ ಕಾಗದದ್ದು. ಆಗುಂಬೆ ಆಸುಪಾಸಿನಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಗೋಡೆ, ಬಟ್ಟೆ, ಪುಸ್ತಕ ಎಲ್ಲವೂ ಥಂಡಿ. ಬಿಚ್ಚಿಟ್ಟ ರೀಮು ಒಂದೆರಡು ದಿನದಲ್ಲೇ ತೇವ ಎಳೆದುಕೊಳ್ಳುತ್ತದೆ. ಒದ್ದೆ ಹಾಳೆ ಫ್ಯೂಸರಿಗೆ ಹೋದರೆ ಅಲ್ಲಿನ ಬಿಸಿಯಲ್ಲಿ ಒಂದು ಪಾಲು ನೀರನ್ನು ಆವಿ ಮಾಡುವುದಕ್ಕೇ ಖರ್ಚಾಗುತ್ತದೆ. ಟೋನರ್ ಪೂರ್ತಿ ಕರಗಿ ಹಿಡಿಯುವುದಿಲ್ಲ, ಹಾಳೆಯೂ ಸುರುಳಿ ಸುತ್ತುತ್ತದೆ. ಹಾಗಾಗಿ ಸರಿ ಮಾಡಬೇಕಾದ್ದು ಕಾಗದ ಇಡುವ ಜಾಗವನ್ನು. ರೀಮಿನ ಹೊರ ಹೊದಿಕೆ ತೇವ ತಡೆಯುವಂಥದ್ದು. ಬೇಕಾಗುವ ತನಕ ಅದನ್ನು ಹರಿಯಬಾರದು. ಟ್ರೇಗೆ ಒಂದು ದಿನಕ್ಕೆ ಆಗುವಷ್ಟೇ ಹಾಕಬೇಕು. ಉಳಿದದ್ದನ್ನು ಕಬ್ಬಿಣದ ಬೀರುವಿನಲ್ಲಿಟ್ಟು, ಕೆಳಗಿನ ತಟ್ಟಿನಲ್ಲಿ ಕಾಗದಕ್ಕೆ ತಾಗದ ಹಾಗೆ ಒಂದು ಸಣ್ಣ ಹಳೇ ಕಾಲದ ಬಲ್ಬು ಉರಿಸಿದೆವು. ಎಲ್‌ಇಡಿ ಇದಕ್ಕೆ ಆಗುವುದಿಲ್ಲ, ಅದರಿಂದ ಸಾಕಷ್ಟು ಬಿಸಿ ಬರುವುದಿಲ್ಲ. ಹಾಗೆ ಬೆಚ್ಚಗಿಟ್ಟ ಕಾಗದ ಹಾಕಿ, ಪೇಪರ್ ಟೈಪನ್ನು ‘ಪ್ಲೇನ್’ಗೆ ತಂದೆ. ಟೋನರ್ ಉದುರಲಿಲ್ಲ. ಕಾನ್ಫಿಗರೇಶನ್ ಪುಟ 12 ಸೆಕೆಂಡಿನಲ್ಲಿ ಬಂತು. ಡ್ರೈವರಿನಲ್ಲೂ ಇದೇ ಆಯ್ಕೆ ಪ್ರತ್ಯೇಕವಾಗಿ ಇರುತ್ತದೆ, ಅದು ಟ್ರೇಯ ಆಯ್ಕೆಯನ್ನು ಮೀರಿಸಬಲ್ಲದು. ಆದ್ದರಿಂದ ಒಂದೊಂದು ಕಂಪ್ಯೂಟರಿನಲ್ಲೂ ನೋಡಿ ಬದಲಾಯಿಸಬೇಕಾಯಿತು.

ಆಮೇಲೆ ಯುಎಸ್‌ಬಿ. ನೆಟ್‌ವರ್ಕ್ ಕೇಬಲ್ ಇನ್ನೂ ಹೊರಗೇ ಇತ್ತು. ನನ್ನ ಲ್ಯಾಪ್‌ಟಾಪನ್ನು ನೇರ ಪ್ರಿಂಟರಿಗೆ ಸಿಕ್ಕಿಸಿ ನೋಟ್‌ಪ್ಯಾಡಿನಿಂದ ಒಂದು ಪುಟ ಕೊಟ್ಟೆ. ತಕ್ಷಣ ಬಂತು. ಗಣಿತದ ನಾಲ್ಕು ಪುಟದ ಪ್ರಶ್ನೆಪತ್ರಿಕೆ ಕೊಟ್ಟೆ. ಕೊನೆಯ ಹಾಳೆ ಬೀಳುವ ಹೊತ್ತಿಗೆ 1 ನಿಮಿಷ 10 ಸೆಕೆಂಡ್. ನೆಟ್‌ವರ್ಕ್ ಇಲ್ಲದೆಯೂ ಇಷ್ಟು ಹೊತ್ತು ಅಂದರೆ ಆ ಫೈಲಿನಲ್ಲೇ ಏನೋ ಇದೆ ಅಲ್ವಾ?

ಇದಕ್ಕೆ ಒಂದು ಒಳ್ಳೆಯ ಉಪಾಯ ಇದೆ. ಪ್ರಿಂಟ್ ಕೊಡುವಾಗ ‘ಪ್ರಿಂಟ್ ಟು ಫೈಲ್’ ಗುರುತು ಹಾಕಿದರೆ ಪ್ರಿಂಟರಿಗೆ ಹೋಗಬೇಕಾದ ಡೇಟಾ ಒಂದು ಪಿಆರ್‌ಎನ್ ಫೈಲಾಗಿ ಡಿಸ್ಕಿಗೆ ಬರುತ್ತದೆ. ಅದರ ಗಾತ್ರ ನೋಡಿದರೆ ತಂತಿಯ ಮೇಲೆ ಎಷ್ಟು ಹೊರೆ ಹೋಗುತ್ತಿದೆ ಅಂತ ಗೊತ್ತಾಗುತ್ತದೆ. ಅದೇ ಫೈಲನ್ನು ಬೇರೆ ಬೇರೆ ದಾರಿಯಲ್ಲಿ ಪ್ರಿಂಟರಿಗೆ ಕಳಿಸಿ ದಾರಿಗಳನ್ನೂ ಹೋಲಿಸಬಹುದು, ಡ್ರೈವರಿನ ಹೊತ್ತು ಲೆಕ್ಕದಿಂದ ಹೊರಗೆ ಉಳಿಯುತ್ತದೆ. ವರ್ಡ್ ಫೈಲ್ ಇದ್ದದ್ದು 3 ಎಂಬಿ. ಅದರ ಪಿಆರ್‌ಎನ್ 58 ಎಂಬಿ!

ನಾಲ್ಕು ಪುಟ ಕನ್ನಡ ಅಕ್ಷರಕ್ಕೆ ಇಷ್ಟು ಆಗುವುದಿಲ್ಲ. ಯುನಿಕೋಡ್ ಕನ್ನಡದಲ್ಲಿ ಒತ್ತಕ್ಷರ ಕೂಡಿಸುವ ಕೆಲಸ ವಿಂಡೋಸ್ ಮಾಡಿ ಮುಗಿಸುತ್ತದೆ. ಪ್ರಿಂಟರಿಗೆ ಹೋಗುವುದು ಬಳಸಿದ ಅಕ್ಷರಗಳ ಆಕಾರ ಮತ್ತು ಅವು ಕೂರುವ ಜಾಗ ಅಷ್ಟೇ. ತುಂಗಾ ಫಾಂಟ್ ಇರಲಿ, ನಿರ್ಮಲಾ ಇರಲಿ, ನುಡಿ ಇರಲಿ, ಹೊರೆ ದೊಡ್ಡದಾಗುವುದಿಲ್ಲ. ಹೊರೆ ಮಾಡಿದ್ದು ಶಾಲೆಯ ಲಾಂಛನ. ಯಾರೋ ಅದನ್ನು ದೊಡ್ಡದಾಗಿ ಸ್ಕ್ಯಾನ್ ಮಾಡಿ, ಹಿನ್ನೆಲೆ ಪಾರದರ್ಶಕ ಮಾಡಿ, ಪ್ರತಿ ಪುಟದ ನಡುವೆ ತಿಳಿಬಣ್ಣದ ವಾಟರ್‌ಮಾರ್ಕಾಗಿ ಇಟ್ಟಿದ್ದರು. ಪ್ರಶ್ನೆಪತ್ರಿಕೆಯ ಟೆಂಪ್ಲೇಟಿನಲ್ಲೇ ಅದು ಇತ್ತು, ಹಾಗಾಗಿ ಎಲ್ಲ ವಿಷಯದ ಪತ್ರಿಕೆಯಲ್ಲೂ ಅದೇ.

ಪಾರದರ್ಶಕ ಚಿತ್ರ ಅಕ್ಷರದ ಜೊತೆ ಬೆರೆತರೆ ಎಷ್ಟೋ ಡ್ರೈವರುಗಳು ಪುಟವನ್ನು ಅಕ್ಷರವಾಗಿ ಕಳಿಸುವುದನ್ನು ಬಿಟ್ಟು, ಇಡೀ ಪುಟವನ್ನು ಒಂದು ಚಿತ್ರ ಮಾಡಿ ಕಳಿಸುತ್ತವೆ. ಎ4 ಹಾಳೆ 600 ಡಿಪಿಐಯಲ್ಲಿ, ಅಂದರೆ ಇಂಚಿಗೆ 600 ಚುಕ್ಕಿಯ ಹಾಗೆ, ಸುಮಾರು 4,960 ಚುಕ್ಕಿ ಅಗಲ, 7,016 ಚುಕ್ಕಿ ಉದ್ದ. ಒಟ್ಟು ಸುಮಾರು 3.48 ಕೋಟಿ ಚುಕ್ಕಿ. ಬೂದು ಬಣ್ಣಕ್ಕೆ ಚುಕ್ಕಿಗೊಂದು ಬೈಟ್ ಅಂದರೂ ಒಂದು ಪುಟಕ್ಕೆ 34.8 ಎಂಬಿ. ಕುಗ್ಗಿಸಿ ಕಳಿಸಿದ್ದಕ್ಕೆ ನಾಲ್ಕು ಪುಟಕ್ಕೆ 58 ಎಂಬಿ ಆಗಿತ್ತು.

ವಾಟರ್‌ಮಾರ್ಕ್ ತೆಗೆಯೋಣ ಅಂದಾಗ ಮುಖ್ಯ ಶಿಕ್ಷಕರಿಗೆ ಸ್ವಲ್ಪ ಬೇಸರವಾಯಿತು. ಲಾಂಛನ ಬೇಕು ಅನ್ನುವುದು ಅವರ ಆಸೆ, ಅದು ಸರಿಯಾದದ್ದೇ. ತಲೆಬರಹದ ಪಕ್ಕದಲ್ಲಿ 2.5 ಸೆಂಟಿಮೀಟರ್ ಅಗಲಕ್ಕೆ ಇಟ್ಟೆ. 300 ಡಿಪಿಐಗೆ ಅದು 300 ಚುಕ್ಕಿಗಿಂತ ಜಾಸ್ತಿ ಬೇಡ. ಬಿಳಿ ಹಿನ್ನೆಲೆ, ಬೂದು ಬಣ್ಣ, ಪಾರದರ್ಶಕ ಇಲ್ಲ. ಗೆರೆಗಳು ಮೊದಲಿಗಿಂತ ಚೊಕ್ಕವಾಗಿ ಕಂಡವು, ಯಾಕೆಂದರೆ ಅಕ್ಷರದ ಹಿಂದೆ ಮಸುಕಾಗಿ ಕೂತಿದ್ದು ಈಗ ಮುಂದೆ ಬಂದಿತ್ತು. ಪಿಆರ್‌ಎನ್ 1.3 ಎಂಬಿಗೆ ಇಳಿಯಿತು. ಯುಎಸ್‌ಬಿಯಲ್ಲಿ ನಾಲ್ಕೂ ಹಾಳೆ 20 ಸೆಕೆಂಡಿನಲ್ಲಿ ಬಂದವು.

ಇಷ್ಟಕ್ಕೆ ಎಲ್ಲರಿಗೂ ಖುಷಿ. ಆದರೆ ಆ 58 ಎಂಬಿಯ ಹಳೇ ಪಿಆರ್‌ಎನ್ ಫೈಲನ್ನು ನಾನು ಅಳಿಸಲಿಲ್ಲ, ನೆಟ್‌ವರ್ಕ್ ಪರೀಕ್ಷೆಗೆ ಅದೇ ಬೇಕಿತ್ತು. ಚಿಕ್ಕ ಫೈಲಿನಲ್ಲಿ ತಂತಿಯ ದೋಷ ಮುಚ್ಚಿಹೋಗುತ್ತದೆ.

ಪ್ರಿಂಟರಿಗೆ ನೆಟ್‌ವರ್ಕ್ ಕೇಬಲ್ ವಾಪಸ್ ಹಾಕಿದೆ. ಅದೇ ಕೋಣೆಯ, ಅದೇ ಸ್ವಿಚ್ಚಿನ ಇನ್ನೊಂದು ಪೋರ್ಟಿಗೆ ಲ್ಯಾಪ್‌ಟಾಪ್ ಸಿಕ್ಕಿಸಿ ಫೈಲ್ ಕಳಿಸಿದೆ. ಯುಎಸ್‌ಬಿಯಲ್ಲಿ 1 ನಿಮಿಷ 10 ಸೆಕೆಂಡ್ ಆದದ್ದು ಇಲ್ಲಿ 4 ನಿಮಿಷ ದಾಟಿತು. ಪ್ರಿಂಟರಿನ ಪೋರ್ಟ್ 100 ಎಂಬಿಪಿಎಸ್‌ನದು, ಅಂದರೆ ಸೆಕೆಂಡಿಗೆ 100 ಮೆಗಾಬಿಟ್. ಎಂಟು ಬಿಟ್ ಸೇರಿದರೆ ಒಂದು ಬೈಟ್. ಆ ವೇಗದಲ್ಲಿ 58 ಎಂಬಿ ಸಾಗಲು ಆರೇಳು ಸೆಕೆಂಡ್ ಸಾಕು. ಹೆಚ್ಚಿನ ಮೂರು ನಿಮಿಷ ಎಲ್ಲಿ ಹೋಯಿತು? ಲೆಕ್ಕ ಹಾಕಿದರೆ ಡೇಟಾ ಸಾಗುತ್ತಿದ್ದದ್ದು ಎರಡು ಎರಡೂವರೆ ಎಂಬಿಪಿಎಸ್‌ನಲ್ಲಿ. ಒಂದೇ ಕೋಣೆ, ಎರಡು ಮೀಟರ್ ಕೇಬಲ್.

ಪಿಂಗ್ ಮಾಡಿದೆ. ಅಂದರೆ ಪ್ಯಾಕೆಟ್ ಅನ್ನುವ ಸಣ್ಣ ಡೇಟಾ ತುಂಡು ಕಳಿಸಿ ಪ್ರಿಂಟರಿನ ಉತ್ತರಕ್ಕೆ ಕಾದೆ. ಒಂದೂ ತಪ್ಪಲಿಲ್ಲ, ಎಲ್ಲವೂ 1 ಮಿಲಿಸೆಕೆಂಡ್. 1,400 ಬೈಟಿನ ದೊಡ್ಡ ಪಿಂಗ್ ಮಾಡಿದೆ. ಅದೂ ಸರಿ. ಇಲ್ಲಿ ‘ನೆಟ್‌ವರ್ಕ್ ಚೆನ್ನಾಗಿದೆ’ ಅಂತ ಎದ್ದು ಹೋಗುವವರು ಬಹಳ. ಒಂದೊಂದೇ ಪ್ಯಾಕೆಟ್ ಹೋಗಿ ಬರುವಾಗ ಸರಿ ಇದ್ದು, ರಾಶಿ ಡೇಟಾ ಹೋಗುವಾಗ ಮಾತ್ರ ಕುಂಟುತ್ತಿದ್ದರೆ ಡ್ಯುಪ್ಲೆಕ್ಸ್ ಹೊಂದಾಣಿಕೆಯನ್ನು ನೋಡಲೇಬೇಕು. ಎರಡೂ ಬದಿ ಒಟ್ಟಿಗೆ ಕಳಿಸಬಹುದಾದರೆ ಅದು ಫುಲ್ ಡ್ಯುಪ್ಲೆಕ್ಸ್, ಒಂದು ಸಲಕ್ಕೆ ಒಂದೇ ಬದಿ ಆದರೆ ಹಾಫ್. ಪ್ರಿಂಟರಿನ ಐಪಿ ವಿಳಾಸವನ್ನು ಬ್ರೌಸರಿನಲ್ಲಿ ತೆರೆದು ನೆಟ್‌ವರ್ಕ್ ಪುಟಕ್ಕೆ ಹೋದೆ. ಲಿಂಕ್ ಸ್ಪೀಡ್ ‘ಆಟೋ’ ಇರಬೇಕಾದಲ್ಲಿ ‘100 ಫುಲ್’ ಅಂತ ಕೈಯಾರೆ ಕಟ್ಟಿಹಾಕಿತ್ತು.

ಕೇಳುವುದಕ್ಕೆ ಅದು ಒಳ್ಳೆಯದೇ ಅನ್ನಿಸುತ್ತದೆ. ತೊಂದರೆ ಎದುರು ಬದಿಯಲ್ಲಿ. ಶಾಲೆಯ ಸ್ವಿಚ್ ಸಾದಾ ಸ್ವಿಚ್, ಅದು ಆಟೋ ನೆಗೋಷಿಯೇಷನ್ ಮಾತ್ರ ಬಲ್ಲದು, ಅಂದರೆ ಎದುರು ಬದಿಯ ಜೊತೆ ಮಾತುಕತೆ ಮಾಡಿ ವೇಗ ಗೊತ್ತುಮಾಡಿಕೊಳ್ಳುವುದು. ಒಂದು ಬದಿ ವೇಗವನ್ನು ಕಟ್ಟಿಹಾಕಿ ಮಾತುಕತೆ ನಿಲ್ಲಿಸಿದರೆ, ಇನ್ನೊಂದು ಬದಿ ಬರುತ್ತಿರುವ ಸಂಕೇತ ನೋಡಿ 100 ಎಂಬಿಪಿಎಸ್ ಅಂತ ಕಂಡುಹಿಡಿಯುತ್ತದೆ. ಆದರೆ ಫುಲ್ ಡ್ಯುಪ್ಲೆಕ್ಸೋ ಹಾಫೋ ಅಂತ ಸಂಕೇತದಿಂದ ಗೊತ್ತಾಗುವುದಿಲ್ಲ. ಹಾಗಾದಾಗ ಹಾಫ್ ಅಂತ ಇಟ್ಟುಕೊಳ್ಳಬೇಕು ಅನ್ನುವುದು ಈಥರ್‌ನೆಟ್ (ತಂತಿಯ ನೆಟ್‌ವರ್ಕ್) ನಿಯಮ. ಈಗ ಪ್ರಿಂಟರ್ ಯಾವಾಗ ಬೇಕಾದರೂ ಮಾತಾಡುತ್ತದೆ. ಸ್ವಿಚ್ ಮಾತ್ರ ‘ಒಬ್ಬರು ಮಾತಾಡುವಾಗ ಇನ್ನೊಬ್ಬರು ಸುಮ್ಮನಿರಬೇಕು’ ಅಂತ ನಂಬಿರುತ್ತದೆ. ಸ್ವಿಚ್ ಡೇಟಾ ಕಳಿಸುತ್ತಿರುವಾಗಲೇ ಪ್ರಿಂಟರ್ ‘ಸಿಕ್ಕಿತು’ ಅಂತ ಉತ್ತರ ಕಳಿಸಿದರೆ ಸ್ವಿಚ್ ಅದನ್ನು ಡಿಕ್ಕಿ ಅಂತ ತಿಳಿದು ಕಳಿಸುತ್ತಿದ್ದದ್ದನ್ನು ಅರ್ಧಕ್ಕೇ ನಿಲ್ಲಿಸುತ್ತದೆ. ಪ್ರಿಂಟರಿಗೆ ಸಿಗುವುದು ತುಂಡು ಪ್ಯಾಕೆಟ್, ಅದು ಬಿಸಾಕುತ್ತದೆ. ಡೇಟಾ ಪೂರ್ತಿ ತಲುಪುವಂತೆ ನೋಡಿಕೊಳ್ಳುವ ಟಿಸಿಪಿ ಕಾದು ಮತ್ತೆ ಕಳಿಸುತ್ತದೆ. ಪಿಂಗ್‌ನಲ್ಲಿ ಇಬ್ಬರೂ ಒಟ್ಟಿಗೆ ಮಾತಾಡುವ ಸಂದರ್ಭವೇ ಬರುವುದಿಲ್ಲ, ಹಾಗಾಗಿ ಅಲ್ಲಿ ಕಾಣಿಸುವುದಿಲ್ಲ.

ಹೊಸ ಸ್ವಿಚ್ ತಂದರೂ ಏನೂ ಬದಲಾಗದಿದ್ದದ್ದು ಇದಕ್ಕೇ. ದೋಷ ಪ್ರಿಂಟರಿನ ಆಯ್ಕೆಯಲ್ಲಿ ಕೂತಿತ್ತು, ಯಾವ ಸ್ವಿಚ್ ಬಂದರೂ ಅದು ಹಾಫಿಗೇ ಇಳಿಯುತ್ತಿತ್ತು. ‘ಆಟೋ’ಗೆ ತಂದು ಪ್ರಿಂಟರನ್ನು ಆರಿಸಿ ಹಾಕಿದೆ. ಅದೇ 58 ಎಂಬಿ ಫೈಲ್ 1 ನಿಮಿಷ 15 ಸೆಕೆಂಡಿನಲ್ಲಿ ಮುಗಿಯಿತು. ಯುಎಸ್‌ಬಿಗೂ ಇದಕ್ಕೂ ಐದೇ ಸೆಕೆಂಡ್ ವ್ಯತ್ಯಾಸ.

ಅಂಗಳದ ಆಚೆಯ ಲ್ಯಾಬಿನಲ್ಲಿ ಕತೆ ಬೇರೆ. ಅಲ್ಲಿಂದ 1,400 ಬೈಟಿನ ಪಿಂಗ್ 100 ಕಳಿಸಿದರೆ 9 ಕಳೆದುಹೋದವು. 32 ಬೈಟಿನದು ಒಂದೂ ಕಳೆಯಲಿಲ್ಲ. ದೊಡ್ಡ ಪ್ಯಾಕೆಟ್ ಮಾತ್ರ ಸಾಯುತ್ತಿದ್ದರೆ ತಂತಿಯ ಮೇಲೆ ಅನುಮಾನ ಪಡಬೇಕು. ಬಿಟ್‌ಗಳು ಅಲ್ಲೊಂದು ಇಲ್ಲೊಂದು ಕೆಡುತ್ತಿರುವಾಗ ಪ್ಯಾಕೆಟ್ ಉದ್ದ ಇದ್ದಷ್ಟೂ ಅದರಲ್ಲಿ ಒಂದಾದರೂ ಕೆಡುವ ಸಾಧ್ಯತೆ ಜಾಸ್ತಿ. ಒಂದು ಬಿಟ್ ಕೆಟ್ಟರೂ ಇಡೀ ಪ್ಯಾಕೆಟ್ ಕಸ. ನೂರಕ್ಕೆ ಒಂಬತ್ತು ಅಂದರೆ ಕಡಿಮೆ ಅನ್ನಿಸಬಹುದು. ಆದರೆ ಪ್ಯಾಕೆಟ್ ಕಳೆದಾಗಲೆಲ್ಲ ಟಿಸಿಪಿ ದಾರಿಯಲ್ಲಿ ದಟ್ಟಣೆ ಇದೆ ಅಂತ ತಿಳಿದು ವೇಗ ಇಳಿಸುತ್ತದೆ. ಅಷ್ಟು ನಷ್ಟದಲ್ಲಿ ಅದು ತೆವಳುವುದೇ ಸೈ.

ಕೇಬಲಿನ ದಾರಿ ಹಿಡಿದು ನಡೆದೆ. ಆಫೀಸಿನ ಜಂಬಿಟ್ಟಿಗೆ ಗೋಡೆ ತೂರಿ, ಹಂಚಿನ ಮಾಡಿನ ಅಂಚಿನಲ್ಲಿ ಸಾಗಿ, ಅಂಗಳದ ಹಲಸಿನ ಮರಕ್ಕೆ ಕಟ್ಟಿ, ಲ್ಯಾಬಿಗೆ ಇಳಿದಿತ್ತು. ಒಟ್ಟು 70 ಮೀಟರ್ ಇರಬಹುದು. ಈಥರ್‌ನೆಟ್ ಮಿತಿ 100 ಮೀಟರ್, ಹಾಗಾಗಿ ಉದ್ದ ತೊಂದರೆಯಲ್ಲ. ಮರದ ಹತ್ತಿರ ಒಂದು ಗಂಟು ಸಿಕ್ಕಿತು. ಗಾಳಿಮಳೆಗೆ ಕೊಂಬೆ ಬಿದ್ದು ತುಂಡಾದಾಗ ಎಂಟೂ ತಂತಿಗಳನ್ನು ಹೊಸೆದು ಟೇಪ್ ಸುತ್ತಿದ್ದರು. ಟೇಪ್ ಬಿಚ್ಚಿದರೆ ಒಳಗೆ ನೀರು, ತಾಮ್ರದ ಮೇಲೆ ಹಸಿರು ಕಿಲುಬು. ಜೋಡಿಗಳ ಹುರಿಯನ್ನು ಒಂದು ಗೇಣಿನಷ್ಟು ಬಿಡಿಸಿದ್ದರು. ಜೋಡಿಯ ಆ ಹುರಿಯೇ ಹೊರಗಿನ ಗದ್ದಲವನ್ನು ತಡೆಯುವುದು, ಅದನ್ನು ಬಿಡಿಸಿದರೆ ಒಂದರ ಸಂಕೇತ ಇನ್ನೊಂದಕ್ಕೆ ಸೋರುತ್ತದೆ.

ಹೊಸ ತಾಮ್ರದ ಕೇಬಲ್ ಎಳೆಯುವುದು ಸುಲಭದ ದಾರಿ. ನಾನು ಬೇಡ ಅಂದೆ. ಮಲೆನಾಡಿನಲ್ಲಿ ಏಪ್ರಿಲ್ ಮೇ ತಿಂಗಳ ಗುಡುಗು ಸಿಡಿಲು ಗೊತ್ತಲ್ಲ. ಎರಡು ಕಟ್ಟಡದ ನಡುವೆ ಬಯಲಿನಲ್ಲಿ ತಾಮ್ರ ಎಳೆದರೆ, ಹತ್ತಿರದಲ್ಲಿ ಎಲ್ಲೋ ಸಿಡಿಲು ಬಿದ್ದರೂ ಆ ತಂತಿಯಲ್ಲಿ ವಿದ್ಯುತ್ ನುಗ್ಗುತ್ತದೆ, ಎರಡೂ ತುದಿಯ ಪೋರ್ಟುಗಳು ಸುಡುತ್ತವೆ. ಈ ಶಾಲೆಯಲ್ಲೇ ಹಳೇ ಸ್ವಿಚ್ಚಿನ ಪೋರ್ಟುಗಳು ಹಾಗೆ ಹೋಗಿದ್ದವು. ಪ್ರಿಂಟರನ್ನು ‘100 ಫುಲ್’ಗೆ ಕಟ್ಟಿಹಾಕಿದ್ದೂ ಆಗಲೇ ಇರಬೇಕು, ಲಿಂಕ್ ಬರಲಿ ಅಂತ. ಫೈಬರ್ ಬರೀ ಗಾಜು, ವಿದ್ಯುತ್ ಹರಿಯುವುದಿಲ್ಲ. ಎಸ್‌ಡಿಎಂಸಿಯವರ ಜೊತೆ ಕೂತು ಇದನ್ನು ವಿವರಿಸಿದೆ, ಒಪ್ಪಿದರು.

ಶಿವಮೊಗ್ಗದಿಂದ ತುದಿ ಕಟ್ಟಿದ ಸಿಂಗಲ್ ಮೋಡ್ ಫೈಬರ್ ಮತ್ತು ತಂತಿಯ ಸಂಕೇತವನ್ನು ಬೆಳಕಾಗಿ, ಬೆಳಕನ್ನು ಮತ್ತೆ ಸಂಕೇತವಾಗಿ ಮಾಡುವ ಒಂದು ಜೋಡಿ ಮೀಡಿಯಾ ಕನ್ವರ್ಟರ್ ಬಂದವು. ಒಂದೇ ಎಳೆಯಲ್ಲಿ ಎರಡೂ ಕಡೆಗೆ ಸಾಗಿಸುವ ಕನ್ವರ್ಟರ್ ತರುವುದಾದರೆ ಒಂದು ‘ಎ’, ಇನ್ನೊಂದು ‘ಬಿ’ ಆಗಿರಬೇಕು. ಒಂದು 1310 ನ್ಯಾನೋಮೀಟರಿನ ಬೆಳಕಿನಲ್ಲಿ ಕಳಿಸಿದರೆ ಇನ್ನೊಂದು 1550ರಲ್ಲಿ ಕಳಿಸುತ್ತದೆ. ಎರಡೂ ‘ಎ’ ತಂದರೆ ಲಿಂಕ್ ಬರುವುದಿಲ್ಲ. ಇನ್ನೊಂದು ಮಾತು: ಹೊರಗೆ ಎಳೆಯುವ ಫೈಬರ್ ಕೇಬಲಿನಲ್ಲಿ ಬಲಕ್ಕಾಗಿ ಉಕ್ಕಿನ ತಂತಿ ಇರುವ ಬಗೆಯೂ ಇದೆ. ಅದನ್ನು ಹಾಕಿದರೆ ಸಿಡಿಲಿಗೆ ಮತ್ತೆ ದಾರಿ ಕೊಟ್ಟ ಹಾಗೆ. ಲೋಹ ಇಲ್ಲದ್ದನ್ನೇ ಕೇಳಿ ತರಿಸಿದೆ. ಮರ ಬಿಟ್ಟು, ಗೋಡೆ ಬದಿಯಲ್ಲಿ ಪೈಪಿನೊಳಗೆ ಹಾಯಿಸಿದೆವು. ದೊಡ್ಡ ಪಿಂಗ್ 100ಕ್ಕೆ 100 ಬಂದವು. ಹಳೇ ತಾಮ್ರವನ್ನು ಎರಡೂ ತುದಿಯಿಂದ ಬಿಚ್ಚಿ ಪೂರ್ತಿ ತೆಗೆಸಿದೆ, ಬರಿದೇ ನೇತಾಡಲು ಬಿಡಲಿಲ್ಲ.

ಉಳಿದದ್ದು ಕಂಪ್ಯೂಟರುಗಳ ಕೆಲಸ. ಲ್ಯಾಬಿನವು ಡಬ್ಲ್ಯುಎಸ್‌ಡಿ ಅನ್ನುವ ವಿಂಡೋಸ್ ಪೋರ್ಟಿನಲ್ಲಿ ತಾವಾಗಿಯೇ ಪ್ರಿಂಟರನ್ನು ಸೇರಿಸಿಕೊಂಡಿದ್ದವು. ಸ್ಟಾಫ್ ರೂಮಿನವು ಆಫೀಸಿನ ಹಳೇ ಕಂಪ್ಯೂಟರ್ ಹಂಚಿಕೊಂಡ ಪ್ರಿಂಟರಿಗೆ ಕೊಡುತ್ತಿದ್ದವು. ಆ ಕಂಪ್ಯೂಟರ್ ಆರಿದ್ದರೆ ಯಾರಿಗೂ ಪ್ರಿಂಟ್ ಇಲ್ಲ. ಕರೆಂಟ್ ಹೋಗಿ ಬಂದಾಗಲೆಲ್ಲ ಪ್ರಿಂಟರಿನ ಐಪಿ ಬದಲಾಗುತ್ತಿತ್ತು. ರೌಟರಿನಲ್ಲಿ ಅದಕ್ಕೆ ಒಂದು ವಿಳಾಸ ಕಾಯ್ದಿರಿಸಿದೆ. ಎಲ್ಲ ಕಂಪ್ಯೂಟರಿನಲ್ಲೂ ಸ್ಟ್ಯಾಂಡರ್ಡ್ ಟಿಸಿಪಿ ಐಪಿ ಪೋರ್ಟ್ ಮಾಡಿ, ಪ್ರಿಂಟರಿನ 9100 ಸಂಖ್ಯೆಯ ಪೋರ್ಟಿಗೆ ನೇರ ಕಳಿಸುವ ಹಾಗೆ ಮಾಡಿದೆ. ಪ್ರಿಂಟರಿನ ಸ್ಥಿತಿಯನ್ನು ಕೇಳಿ ತಿಳಿಯುವ ಎಸ್‌ಎನ್‌ಎಂಪಿ ಪ್ರಿಂಟರಿನಲ್ಲಿ ಆಫ್ ಇತ್ತು. ಆದರೆ ವಿಂಡೋಸ್ ಪೋರ್ಟಿನಲ್ಲಿ ‘ಎಸ್‌ಎನ್‌ಎಂಪಿ ಸ್ಟೇಟಸ್’ ಗುರುತು ಹಾಗೇ ಇದ್ದರೆ ಕಂಪ್ಯೂಟರ್ ಉತ್ತರಕ್ಕೆ ಕಾದು ‘ಆಫ್‌ಲೈನ್’ ಅನ್ನುತ್ತದೆ. ಆ ಗುರುತು ತೆಗೆದೆ. ದೊಡ್ಡ ಸಂಸ್ಥೆಯಾದರೆ ಎಲ್ಲರ ಪ್ರಿಂಟನ್ನೂ ನೋಡಿಕೊಳ್ಳುವ ಪ್ರಿಂಟ್ ಸರ್ವರ್ ಬೇಕು, ನಿಜ. ಹತ್ತು ಹದಿನೈದು ಕಂಪ್ಯೂಟರಿನ ಶಾಲೆಗೆ ನೇರ ದಾರಿಯೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ.

ಆಫೀಸಿನ ಆ ಹಳೇ ಕಂಪ್ಯೂಟರಿನಲ್ಲಿ ಕಂಡ ಒಂದು ವಿಷಯ ಎಲ್ಲ ಶಾಲೆಯವರೂ ನೋಡಿಕೊಳ್ಳಬೇಕು. ಪ್ರಿಂಟರಿನ ಅಡ್ವಾನ್ಸ್ಡ್ ಪುಟದಲ್ಲಿ ‘ಕೀಪ್ ಪ್ರಿಂಟೆಡ್ ಡಾಕ್ಯುಮೆಂಟ್ಸ್’ ಗುರುತು ಬಿದ್ದಿತ್ತು. ಮುದ್ರಿಸಿದ ಪ್ರತಿಯೊಂದೂ ಸ್ಪೂಲ್ ಫೋಲ್ಡರಿನಲ್ಲಿ ಉಳಿದು ಡಿಸ್ಕ್ ತುಂಬಿತ್ತು. ಡಿಸ್ಕಿನ ಮಾತು ಹಾಗಿರಲಿ. ಅದರಲ್ಲಿ ಇನ್ನೂ ನಡೆಯದ ಪರೀಕ್ಷೆಯ ಪ್ರಶ್ನೆಪತ್ರಿಕೆಗಳೂ ಇದ್ದವು. ಕ್ಯೂ ತೆರೆದು ‘ರೀಸ್ಟಾರ್ಟ್’ ಒತ್ತಿದರೆ ಇನ್ನೊಂದು ಪ್ರತಿ ಹೊರಗೆ ಬರುತ್ತದೆ. ಸ್ಪೂಲರ್ ನಿಲ್ಲಿಸಿ, ಫೋಲ್ಡರ್ ಖಾಲಿ ಮಾಡಿ, ಗುರುತು ತೆಗೆದೆ. ಬದಲಿಗೆ ಒಂದೊಂದು ಕಂಪ್ಯೂಟರಿನಲ್ಲೂ, ವಿಂಡೋಸಿನ ದಾಖಲೆ ತೋರಿಸುವ ಇವೆಂಟ್ ವ್ಯೂವರಿನಲ್ಲಿ ಪ್ರಿಂಟ್ ಸರ್ವಿಸಿನ ‘ಆಪರೇಷನಲ್’ ಲಾಗ್ ಆನ್ ಮಾಡಿಕೊಟ್ಟೆ. ಅದು ತಾನಾಗಿ ಆನ್ ಇರುವುದಿಲ್ಲ. ಆನ್ ಮಾಡಿದರೆ 307 ಸಂಖ್ಯೆಯ ಸಾಲುಗಳಲ್ಲಿ ಯಾರು, ಯಾವಾಗ, ಎಷ್ಟು ಬೈಟ್, ಎಷ್ಟು ಪುಟ ಅಂತ ದಾಖಲಾಗುತ್ತದೆ. ಮುಂದೆ ನಿಧಾನ ಅನ್ನುವ ದೂರು ಬಂದರೆ ಮೊದಲು ಆ ಬೈಟ್ ಲೆಕ್ಕ ನೋಡಿ ಅಂತ ಕಂಪ್ಯೂಟರ್ ಶಿಕ್ಷಕಿಗೆ ತೋರಿಸಿಕೊಟ್ಟೆ. ಅವರು ಬೇಗ ಹಿಡಿದುಕೊಂಡರು.

ಈಗ ಗಣಿತದ ಪತ್ರಿಕೆ ಲ್ಯಾಬಿನಿಂದ ಕೊಟ್ಟರೂ ನಾಲ್ಕು ಹಾಳೆ ಅರ್ಧ ನಿಮಿಷದೊಳಗೆ ಬರುತ್ತದೆ. ಪ್ರಿಂಟರ್ ನಿದ್ದೆಯಲ್ಲಿದ್ದರೆ ಮೊದಲ ಹಾಳೆಗೆ ಇನ್ನಷ್ಟು ಸೆಕೆಂಡ್. ಫ್ಯೂಸರ್ ಬಿಸಿಯಾಗಬೇಕಲ್ಲ, ಅದನ್ನು ತಪ್ಪಿಸುವ ಹಾಗಿಲ್ಲ. ವಾಟ್ಸಾಪಿನಲ್ಲಿ ಫೋಟೊ ಆಗಿ ಬರುವ ಪತ್ರಿಕೆಗಳು ಮಾತ್ರ ಇನ್ನೂ ತಡ. ಅವು ಪೂರ್ತಿ ಚಿತ್ರಗಳೇ, ನೆಟ್‌ವರ್ಕ್ ಎಷ್ಟು ಸರಿ ಇದ್ದರೂ ಹೊರೆ ಹೊರೆಯೇ. ಅವಕ್ಕೆಂದೇ ಅದೇ ಪ್ರಿಂಟರನ್ನು ‘ಫೋಟೊ ಪತ್ರಿಕೆ’ ಅನ್ನುವ ಹೆಸರಿನಲ್ಲಿ ಇನ್ನೊಮ್ಮೆ ಸೇರಿಸಿ, 300 ಡಿಪಿಐಗೆ ಇಟ್ಟೆ. 600ಕ್ಕೆ ಹೋಲಿಸಿದರೆ ಚುಕ್ಕಿಗಳು ಕಾಲು ಭಾಗ ಮಾತ್ರ, ಓದುವುದಕ್ಕೆ ಧಾರಾಳ ಸಾಕು. ಟ್ರೇಯ ಮೇಲೆ ಒಂದು ಚೀಟಿ ಅಂಟಿಸಿದ್ದೇವೆ: ಪೇಪರ್ ಟೈಪ್ ಪ್ಲೇನ್, ಕಾಗದ ಬೀರುವಿನಿಂದಲೇ ತೆಗೆಯಿರಿ.